ಗಡುಸಾದ ಎಣ್ಣೆ ಪೈಪು ಮತ್ತು ನಿಮ್ಮ ಲಿವರ್

ಪ್ರಶ್ನೆ: ಟಿನ್ನಿನಿಂದ ಅಡುಗೆ ಎಣ್ಣೆ ಇಳಿಸಲು ಹಾರ್ಡ್‌ವೇರ್ ಅಂಗಡಿಯ ಮೆತ್ತನೆಯ ಪಾರದರ್ಶಕ ಪೈಪು ಬಳಸುತ್ತಿದ್ದೆವು. ಕೆಲವೇ ತಿಂಗಳಲ್ಲಿ ಅದು ಗಡುಸಾಗಿ ಬಗ್ಗದಂತಾಯಿತು. ಪ್ಲಾಸ್ಟಿಕ್ಕಿನ ರಾಸಾಯನಿಕ ಲಿವರ್ ಕೋಶಗಳ ಶಕ್ತಿಯನ್ನು ಕುಂದಿಸುತ್ತದೆ ಎಂದು ಓದಿದ್ದೇನೆ. ಪರೀಕ್ಷೆ ಮಾಡಿಸಬೇಕೆ?
– ಓದುಗರೊಬ್ಬರು, ಸಾಗರ

ಉತ್ತರ: ಪೈಪನ್ನು ಇವತ್ತೇ ಬಿಸಾಡಿ. ಅಂಥ ಪೈಪು ಸಾಮಾನ್ಯವಾಗಿ ಪಿವಿಸಿ. ಪಿವಿಸಿ ಹುಟ್ಟಾ ಗಡುಸು. ಬಗ್ಗಲೆಂದು ಡಿಇಎಚ್‌ಪಿಯಂಥ ಥ್ಯಾಲೇಟ್ (ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುವ ರಾಸಾಯನಿಕ) ಬೆರೆಸುತ್ತಾರೆ, ಕೆಲವೊಮ್ಮೆ ತೂಕದ ಶೇ 30–40ರಷ್ಟು. ಅದು ಪ್ಲಾಸ್ಟಿಕ್ಕಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ. ಎಣ್ಣೆ ಸಿಕ್ಕರೆ ಅದರಲ್ಲಿ ಕರಗಿ ಹೊರಬರುತ್ತದೆ. ಪೈಪು ಗಡುಸಾಗಿದ್ದು ಅದಕ್ಕೇ: ಮೆತ್ತಗಿರಿಸಿದ್ದ ಪದಾರ್ಥ ಎಣ್ಣೆಗೆ ಹೋಗಿದೆ.

ಹೊಟ್ಟೆ ಸೇರಿದ ಡಿಇಎಚ್‌ಪಿಯನ್ನು ಕರುಳಿನ ಲೈಪೇಸ್ ಕಿಣ್ವ ಒಡೆದು ಎಂಇಎಚ್‌ಪಿ ಎಂಬ ಪದಾರ್ಥ ಮಾಡುತ್ತದೆ. ತೊಂದರೆ ಹೆಚ್ಚಾಗಿ ಇದರದ್ದು. ಸಾಗರದವರಿಗೆ ಲಿಂಗನಮಕ್ಕಿ ಅಣೆಕಟ್ಟೆಯ ಮೂಲಕವೇ ಹೇಳಬಹುದು. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಒಳಪೊರೆ ಅಣೆಕಟ್ಟು, ಪ್ರೋಟಾನ್‌ಗಳು ನಿಂತ ನೀರು, ಕೋಶದ ಇಂಧನವಾದ ಎಟಿಪಿಯನ್ನು ತಯಾರಿಸುವ ಎಟಿಪಿ ಸಿಂಥೇಸ್ ಕಿಣ್ವ ಟರ್ಬೈನು. ಇಲಿಯ ಲಿವರ್‌ನಿಂದ ಬೇರ್ಪಡಿಸಿದ ಮೈಟೊಕಾಂಡ್ರಿಯಕ್ಕೆ ಎಂಇಎಚ್‌ಪಿ ಹಾಕಿದಾಗ ಕಟ್ಟೆಯೇ ಸೋರುತ್ತದೆ: ಆಮ್ಲಜನಕ ಖರ್ಚಾಗುತ್ತಲೇ ಇರುತ್ತದೆ, ಎಟಿಪಿ ಮಾತ್ರ ಅಷ್ಟು ಹುಟ್ಟುವುದಿಲ್ಲ. ಶಕ್ತಿ ತಯಾರಿಕೆಗೆ ಬೇಕಾದ ಸಕ್ಸಿನೇಟ್ ಡಿಹೈಡ್ರೋಜಿನೇಸ್ ಕಿಣ್ವವೂ ಮಂದವಾಗುತ್ತದೆ.

ಆದರೆ ಗಾಬರಿ ಬೇಡ. ಆ ಪ್ರಯೋಗಗಳ ಪ್ರಮಾಣ ಊಟದಲ್ಲಿ ಬರುವುದಕ್ಕಿಂತ ಬಹಳ ಹೆಚ್ಚು. ಇಲಿಯ ಲಿವರ್‌ನಷ್ಟು ಮನುಷ್ಯನ ಲಿವರ್ ಇದಕ್ಕೆ ಕೆರಳುವುದೂ ಇಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಡಿಇಎಚ್‌ಪಿ ಸೇರಿ ನಾಲ್ಕು ಥ್ಯಾಲೇಟ್‌ಗಳಿಗೆ ಒಟ್ಟಾಗಿ ಇಟ್ಟ ಮಿತಿ ದಿನಕ್ಕೆ ದೇಹದ ತೂಕದ ಪ್ರತಿ ಕೆ.ಜಿ.ಗೆ 50 ಮೈಕ್ರೋಗ್ರಾಂ, 60 ಕೆ.ಜಿ. ತೂಕದವರಿಗೆ 3 ಮಿಲಿಗ್ರಾಂ. ಆ ಮಿತಿಗೆ ಆಧಾರ ಲಿವರ್ ಅಲ್ಲ, ಸಂತಾನಾಂಗಗಳ ಬೆಳವಣಿಗೆ. ಹಾಗಾಗಿ ಮನೆಯಲ್ಲಿ ಬಸುರಿಯರಿದ್ದರೆ ಹೆಚ್ಚು ಎಚ್ಚರ ಬೇಕು.

ಲಿವರ್‌ಗೆಂದು ಮಾಡುವ ಎಸ್‌ಜಿಪಿಟಿ ರಕ್ತಪರೀಕ್ಷೆಯಲ್ಲಿ ಥ್ಯಾಲೇಟ್ ಗೊತ್ತಾಗದು. ಎಸ್‌ಜಿಪಿಟಿ ಏರಿದ್ದರೆ ಮೊದಲು ಕೊಬ್ಬಿದ ಲಿವರ್, ಮದ್ಯ, ಹೆಪಟೈಟಿಸ್ ಕಡೆ ನೋಡಬೇಕು. ದೇಹ ಸೇರಿದ ಡಿಇಎಚ್‌ಪಿಯ ಬಹುಪಾಲು ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೊರಹೋಗುತ್ತದೆ. 'ಡಿಟಾಕ್ಸ್' ಕಷಾಯಕ್ಕೆ ದುಡ್ಡು ಸುರಿಯಬೇಡಿ.

ಎಣ್ಣೆಯನ್ನು ಸ್ಟೀಲ್ ಸೌಟಿನಿಂದ ಬಗ್ಗಿಸಿಕೊಳ್ಳಿ, ಇಲ್ಲವೇ ಸ್ಟೀಲ್ ಆಲಿಕೆ ಇಟ್ಟು ಸುರಿಯಿರಿ. ತುಪ್ಪ, ಉಪ್ಪಿನಕಾಯಿ ಗಾಜು ಇಲ್ಲವೇ ಪಿಂಗಾಣಿ ಭರಣಿಯಲ್ಲಿರಲಿ. ತಳದಲ್ಲಿ ತ್ರಿಕೋನದೊಳಗೆ 3 ಎಂದಿರುವ ಡಬ್ಬಿ ಪಿವಿಸಿ. ಅದರಲ್ಲಿ ಜಿಡ್ಡಿನ ಪದಾರ್ಥ ಇಡಬೇಡಿ. ಹೋಟೆಲ್ ಸಾಂಬಾರಿನ ತೆಳು ಕವರು ಸಾಮಾನ್ಯವಾಗಿ ಪಾಲಿಥೀನ್, ಅದಕ್ಕೆ ಥ್ಯಾಲೇಟ್ ಬೇಕಿಲ್ಲ. ಆದರೂ ಕುದಿಯುವ ಸಾಂಬಾರಿಗೆ ಮನೆಯಿಂದಲೇ ಸ್ಟೀಲ್ ಡಬ್ಬಿ ಒಯ್ಯಿರಿ. ಮರುಬಳಕೆ ಪ್ಲಾಸ್ಟಿಕ್ಕಿನ ಕವರಾದರೆ ಅದರಲ್ಲಿ ಏನೇನು ಬೆರೆತಿದೆಯೋ ಅಂಗಡಿಯವರಿಗೂ ತಿಳಿದಿರುವುದಿಲ್ಲ.