ಗಾಂಧಿನಗರದಲ್ಲಿ ಯಾರೂ ಗೊತ್ತಿಲ್ಲ ಅನ್ನುವವರಿಗೆ

ಓದುಗರ ಪತ್ರ: ನನ್ನ ಊರು ದಾವಣಗೆರೆ. ಬೆಂಗಳೂರಿನಲ್ಲಿ ಕೆಲಸ. ಬಿಡುವಿದ್ದಾಗ ಹವ್ಯಾಸಿ ತಂಡವೊಂದರಲ್ಲಿ ನಾಟಕ ಮಾಡುತ್ತೇನೆ. ಸಿನಿಮಾ, ಸೀರಿಯಲ್‌ಗಳಲ್ಲಿ ನಟಿಸುವ ಆಸೆ ಇದೆ. ಒಳ್ಳೆಯ ಏಜೆಂಟ್ ಪರಿಚಯದ ಮೇಲೆಯೇ ಸಿಗೋದು ಅಂತಾರೆ. ಆದರೆ ಗಾಂಧಿನಗರದಲ್ಲಿ ನನಗೆ ಯಾರೂ ಗೊತ್ತಿಲ್ಲ. ಒಬ್ಬರು 25,000 ರೂಪಾಯಿ ಕಟ್ಟಿದರೆ ಅವಕಾಶ ಕೊಡಿಸುತ್ತೇನೆ ಅಂದಿದ್ದಾರೆ. ಕಟ್ಟಲಾ? ಒಪ್ಪಂದ ಮಾಡಿಕೊಳ್ಳುವಾಗ ಏನು ನೋಡಬೇಕು? — ಓದುಗಿ, ವಿಜಯನಗರ

ಸಂಪಾದಕರ ಉತ್ತರ:

ಮೊದಲು ದುಡ್ಡಿನ ವಿಷಯ. ದಯವಿಟ್ಟು ಕಟ್ಟಬೇಡಿ. ಏಜೆಂಟ್ ಸಂಪಾದಿಸಬೇಕಾದದ್ದು ನೀವು ಸಂಪಾದಿಸಿದ ಮೇಲೆ, ನಿಮ್ಮ ಸಂಭಾವನೆಯಲ್ಲಿ ಒಂದು ಪಾಲು. ಅಮೆರಿಕದಲ್ಲಿ ಈ ಪಾಲು ಸಾಮಾನ್ಯವಾಗಿ 10 ಪರ್ಸೆಂಟ್. ಅಲ್ಲಿನ ಕ್ಯಾಲಿಫೋರ್ನಿಯಾದಲ್ಲಂತೂ ಏಜೆಂಟರು ಕಲಾವಿದರಿಂದ ಮುಂಗಡ ಶುಲ್ಕ ಪಡೆಯುವುದೇ ಕಾನೂನಿಗೆ ವಿರುದ್ಧ. ಮೊದಲೇ 25,000 ಜೇಬಿಗೆ ಬಿದ್ದರೆ ಅವರು ನಿಮಗಾಗಿ ಯಾಕೆ ಓಡಾಡುತ್ತಾರೆ, ಹೇಳಿ?

ಇನ್ನು ಬೆಂಗಳೂರಿನ ವಿಷಯ. ಇಲ್ಲಿ ಏಜೆಂಟ್ ಅನ್ನುವ ಬೋರ್ಡ್ ಮಾತ್ರ ಹುಡುಕಿದರೆ ಜಾಸ್ತಿ ಸಿಗುವುದಿಲ್ಲ. ಆ ಕೆಲಸವನ್ನು ಮ್ಯಾನೇಜರ್‌ಗಳು, ಜಾಹೀರಾತಿಗೆ ಮುಖ ಹುಡುಕುವ ಕೋಆರ್ಡಿನೇಟರ್‌ಗಳು ಮಾಡುತ್ತಾರೆ. ಸಣ್ಣ ಪಾತ್ರಕ್ಕಾದರೆ ಎಷ್ಟೋ ಸಲ ಅಸೋಸಿಯೇಟ್ ಡೈರೆಕ್ಟರೇ ಫೋನ್ ಮಾಡುತ್ತಾರೆ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಪಾತ್ರಗಳಿಗೆ ನಟರನ್ನು ಹುಡುಕಿಕೊಡುವ ಕಾಸ್ಟಿಂಗ್ ಡೈರೆಕ್ಟರ್ ನಿರ್ಮಾಪಕರ ಕಡೆಯವರು. ಮ್ಯಾನೇಜರ್ ನಿಮ್ಮ ಕಡೆಯವರು. ಸಂಭಾವನೆಯ ಮಾತು ಬಂದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ.

ಯಾರೂ ಗೊತ್ತಿಲ್ಲ ಅಂದಿರಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ. ನಿಮಗೊಂದು ತಂಡ ಇದೆ. ಅದರಲ್ಲಿ ಯಾರು ಸೀರಿಯಲ್ ಮಾಡುತ್ತಿದ್ದಾರೆ, ಯಾರು ಡಬ್ಬಿಂಗ್‌ಗೆ ಹೋಗುತ್ತಾರೆ, ಮೇಕಪ್‌ನವರು ಬೇರೆ ಎಲ್ಲಿ ಕೆಲಸ ಮಾಡುತ್ತಾರೆ ಅಂತ ಎಂದಾದರೂ ಕೇಳಿದ್ದೀರಾ? ನಮ್ಮ ಸಿನಿಮಾಕ್ಕೆ ರಂಗಭೂಮಿಯಿಂದ ಬಂದ ದಾರಿ ಹಳೆಯದು. ಅಚ್ಯುತ್ ಕುಮಾರ್ ಹೆಗ್ಗೋಡಿನ ರಂಗಶಾಲೆ ನೀನಾಸಂನಲ್ಲಿ ಕಲಿತವರು. ಸತೀಶ್ ನೀನಾಸಂ, ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್, ಇಬ್ಬರ ಹೆಸರಿನ ಜೊತೆಗೇ ಅವರು ಬಂದ ರಂಗಶಾಲೆ ಅಥವಾ ನಾಟಕ ತಂಡದ ಹೆಸರು ಇದೆ. ಹಾಗಾಗಿ ನಿಮ್ಮ ನಾಟಕ ಮುಗಿದ ಮೇಲೂ ಸ್ವಲ್ಪ ಹೊತ್ತು ಉಳಿಯಿರಿ. ಬೇರೆಯವರ ನಾಟಕಗಳನ್ನೂ ನೋಡಿ. ಜೆ.ಪಿ. ನಗರದಲ್ಲಿ 2004ರಿಂದ ರಂಗ ಶಂಕರ ಇದೆ, ಹನುಮಂತನಗರದಲ್ಲಿ ಕೆ.ಎಚ್. ಕಲಾಸೌಧ ಇದೆ, ಜೆ.ಸಿ. ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರ ಇದೆ. ನಾಟಕ ಬಿಟ್ಟ ಮೇಲೆ ಅಲ್ಲಿ ಟೀ ಕುಡಿಯುತ್ತಾ ನಿಂತವರಲ್ಲಿ ಸಹಾಯಕ ನಿರ್ದೇಶಕರು ಇರುತ್ತಾರೆ, ಬರಹಗಾರರು ಇರುತ್ತಾರೆ. ಕೈಕುಲುಕಿ ನಂಬರ್ ತೆಗೆದುಕೊಳ್ಳುವ ಅವಸರ ಬೇಡ. ಅವರ ನಾಟಕದಲ್ಲಿ ನಿಮಗೆ ಏನು ಹಿಡಿಸಿತು ಅಂತ ಮಾತಾಡಿ. ಮತ್ತೆ ಸಿಕ್ಕಾಗ ಅವರೇ ಗುರುತು ಹಿಡಿಯುತ್ತಾರೆ. ಸಿನಿಮಾ ವಿದ್ಯಾರ್ಥಿಗಳ ಕಿರುಚಿತ್ರಗಳಿಗೂ ಇಲ್ಲ ಅನ್ನಬೇಡಿ. ಕಾಸು ಸಿಗದಿದ್ದರೂ ತೋರಿಸಲು ಒಂದು ವಿಡಿಯೋ ಆದರೂ ಸಿಗುತ್ತದೆ.

ಯಾರದ್ದಾದರೂ ಶಿಫಾರಸು ಕೇಳುವಾಗ ಒಂದು ತಿಳಿದಿರಲಿ. ಅದು ಗೊತ್ತಿರುವವರಿಗೆ ಬಾಡಿಗೆ ಮನೆ ಕೊಡಿಸಿದ ಹಾಗೆ. ಬಾಡಿಗೆ ತಪ್ಪಿದರೆ ಓನರ್ ಕೇಳುವುದು ಕೊಡಿಸಿದವರನ್ನೇ. ಅದಕ್ಕೇ ನಿಮ್ಮ ಕೆಲಸ ನೋಡಿದವರನ್ನು ಮಾತ್ರ ಕೇಳಿ. ರಿಹರ್ಸಲ್‌ಗೆ ಸರಿಯಾಗಿ ಬರುತ್ತೀರಾ, ಮಾತು ಬಾಯಿಪಾಠ ಇರುತ್ತದಾ ಅನ್ನುವುದು ಅವರಿಗೆ ಗೊತ್ತಿರುತ್ತದೆ. ‘ನನಗೊಬ್ಬ ಏಜೆಂಟ್ ಕೊಡಿಸಿ’ ಅಂದರೆ ಯಾರಿಗಾದರೂ ಕಷ್ಟ. ಬದಲಿಗೆ ಹೀಗೆ ಕೇಳಿ: ‘ನಿಮ್ಮ ಮ್ಯಾನೇಜರ್ ಹೇಗೆ? ಪೇಮೆಂಟ್ ಟೈಮಿಗೆ ಬರುತ್ತಾ? ಹೊಸಬರನ್ನು ತಗೋತಾರಾ? ನಿಮ್ಮ ಹೆಸರು ಹೇಳಿ ನಾನು ಮೆಸೇಜ್ ಮಾಡಬಹುದಾ?’ ಈ ಕೊನೆಯ ಮಾತಿಗೆ ಅವರು ಹೂಂ ಅನ್ನುವವರೆಗೆ ಅವರ ಹೆಸರು ಎಲ್ಲೂ ಎತ್ತಬೇಡಿ.

ಮೆಸೇಜ್ ಚಿಕ್ಕದಿರಲಿ. ಯಾರು ಹೇಳಿ ಕಳಿಸಿದರು, ನಿಮ್ಮ ವಯಸ್ಸು, ಎತ್ತರ, ಗೊತ್ತಿರುವ ಭಾಷೆಗಳು, ಮಾಡಿದ ಪಾತ್ರಗಳು, ಎರಡು ನಿಮಿಷದೊಳಗಿನ ಒಂದು ವಿಡಿಯೋ. ಫಿಲ್ಟರ್ ಹಾಕದ ಎರಡು ಮೂರು ಫೋಟೋ ಸಾಕು. ಸಾವಿರಾರು ರೂಪಾಯಿಯ ಪೋರ್ಟ್‌ಫೋಲಿಯೋ ಈಗಲೇ ಬೇಡ. ದಾವಣಗೆರೆ ಕಡೆಯ ಮಾತು ನಿಮಗೆ ಸಲೀಸು ಅಲ್ವಾ? ಅದನ್ನು ತಪ್ಪದೆ ಬರೆಯಿರಿ. ಆ ಕಡೆಯ ಕಥೆ ಬಂದಾಗ ಹಾಗೆ ಮಾತಾಡಬಲ್ಲವರನ್ನೇ ಹುಡುಕುತ್ತಾರೆ. ಉತ್ತರ ಬರದಿದ್ದರೆ ಒಂದೆರಡು ವಾರ ಬಿಟ್ಟು ಒಮ್ಮೆ ನೆನಪಿಸಿ. ದಿನಾ ‘ಗುಡ್ ಮಾರ್ನಿಂಗ್’ ಕಳಿಸಬೇಡಿ. ಆಡಿಷನ್ ಆದ ಮೇಲೆ, ಪಾತ್ರ ಸಿಗಲಿ ಬಿಡಲಿ, ಶಿಫಾರಸು ಮಾಡಿದವರಿಗೆ ಫೋನ್ ಮಾಡಿ ಏನಾಯಿತು ಅಂತ ಹೇಳಿ. ತುಂಬಾ ಜನ ಇದನ್ನು ಮರೆಯುತ್ತಾರೆ. ಮರೆಯದವರ ಹೆಸರು ಎರಡನೇ ಸಲವೂ ಮುಂದೆ ಹೋಗುತ್ತದೆ.

ಮೊದಲ ಭೇಟಿ ಹಗಲಿನಲ್ಲಿ, ಆಫೀಸಿನಲ್ಲಿ ಇರಲಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಇದಕ್ಕೆ ಮುಖ ಸಿಂಡರಿಸುವವರ ಜೊತೆ ನಿಮಗೆ ಕೆಲಸವೇ ಬೇಡ.

ಒಪ್ಪಂದದಲ್ಲಿ ಅವಧಿ ನೋಡಿ. ಮೊದಲ ಸಲಕ್ಕೆ ಒಂದು ವರ್ಷ ಸಾಕು. ನೀವೇ ಹುಡುಕಿಕೊಂಡ ಕೆಲಸದಲ್ಲೂ ಅವರಿಗೆ ಪಾಲು ಇದೆಯಾ? ನಾಟಕಕ್ಕೂ ಅವರ ಅನುಮತಿ ಬೇಕಾ? ಸಂಭಾವನೆ ಯಾರ ಖಾತೆಗೆ ಬರುತ್ತದೆ? ನಿಮ್ಮ ಖಾತೆಗೇ ಬಂದು, ಆಮೇಲೆ ನೀವು ಪಾಲು ಕೊಡುವುದು ಒಳ್ಳೆಯದು. ಮಧ್ಯದಲ್ಲಿ ಬಿಡಬೇಕೆಂದರೆ ಎಷ್ಟು ದಿನ ಮೊದಲು ತಿಳಿಸಬೇಕು ಅನ್ನುವುದೂ ಬರಹದಲ್ಲಿರಲಿ. ಕಾಗದವನ್ನು ಮನೆಗೆ ತಂದು, ಗೊತ್ತಿರುವ ವಕೀಲರೊಬ್ಬರಿಗೆ ತೋರಿಸಿ. ಇಲ್ಲೇ, ಈಗಲೇ ಸಹಿ ಹಾಕಿ ಅಂತ ಅವಸರ ಮಾಡಿದರೆ ಎದ್ದು ಬನ್ನಿ.