ಕಳೆ ಕೊಚ್ಚುವ ಯಂತ್ರದಿಂದಲೇ ಆರಂಭಿಸಿ

ಮಾನ್ಯರೇ,

ಸೋಮವಾರಪೇಟೆಯಿಂದ ತಾವು ಕಳುಹಿಸಿದ, ವಿಮಾನವನ್ನು ನೆಟ್ಟಗೆ ಮೇಲೆತ್ತಿ ಹಿಡಿಯುವ ಲಿಫ್ಟ್ ಫ್ಯಾನ್ ಕುರಿತ ಲೇಖನವನ್ನು ಎರಡು ಬಾರಿ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾಗದು. ತಿದ್ದಿ ಬರೆದರೆ ಪ್ರಕಟಿಸುವ ಆಸೆಯಿದೆ.

ಮೊದಲ ಒಂದೂವರೆ ಪುಟವನ್ನು ತಾವು ಕೊಡಗಿನ ಸೇನಾನಿಗಳ ಸ್ಮರಣೆಗೆ ಮೀಸಲಿಟ್ಟಿದ್ದೀರಿ. 1965ರಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಮಡಿದ ಅಜ್ಜಮಾಡ ದೇವಯ್ಯನವರ ಬಗ್ಗೆ ನಮ್ಮಲ್ಲಿ ಯಾರಿಗೂ ಗೌರವ ಕಡಿಮೆಯಿಲ್ಲ. ಆದರೆ ಅವರು ಹಾರಿಸಿದ ಮಿಸ್ಟೇರ್ ಮಾಮೂಲಿ ರನ್‌ವೇಯಿಂದ ಏರುವ ವಿಮಾನ. ಈ ವಿಷಯಕ್ಕೆ ಅದು ಹೊಂದುವುದಿಲ್ಲ. ಆ ಭಾಗವನ್ನು ಬಿಡಿ.

ನೆಟ್ಟಗೆ ಏರಿಳಿಯಬಲ್ಲ ಹಳೆಯ ಯುದ್ಧವಿಮಾನ ಹ್ಯಾರಿಯರ್‌ನಲ್ಲಿಯೂ ಲಿಫ್ಟ್ ಫ್ಯಾನ್ ಇತ್ತೆಂದು ಬರೆದಿರುವುದು ತಪ್ಪು. 1983ರಿಂದ 2016ರವರೆಗೆ ನಮ್ಮ ನೌಕಾಪಡೆಯಲ್ಲಿದ್ದ ಅದರ ನೌಕಾ ರೂಪವಾದ ಸೀ ಹ್ಯಾರಿಯರ್, ಒಂದೇ ಎಂಜಿನ್ನಿನ ಗಾಳಿಯನ್ನು ತಿರುಗಿಸಬಲ್ಲ ನಾಲ್ಕು ಮೂತಿಗಳಿಂದ ಕೆಳಕ್ಕೆ ದೂಡುತ್ತಿತ್ತು. ಲಿಫ್ಟ್ ಫ್ಯಾನ್ ಇರುವುದು ಅಮೆರಿಕದ ಯುದ್ಧವಿಮಾನ ಎಫ್-35ಬಿಯಲ್ಲಿ.

ಇನ್ನು ಮುಖ್ಯ ಮಾತು. ಲೇಖನದಲ್ಲಿ ‘ಅದ್ಭುತ’ ಎಂಬ ಪದ ಹನ್ನೊಂದು ಬಾರಿ ಬಂದಿದೆ, ಫ್ಯಾನ್ ತಿರುಗುವುದು ಹೇಗೆಂಬುದು ಒಮ್ಮೆಯೂ ಇಲ್ಲ. ಕಾಫಿ ತೋಟದಲ್ಲಿ ಕಳೆ ಕೊಚ್ಚುವ ಯಂತ್ರವನ್ನು ತಾವೇ ಹೆಗಲಿಗೇರಿಸಿ ನಡೆಸುವುದಾಗಿ ಪತ್ರದಲ್ಲಿ ತಿಳಿಸಿದ್ದೀರಲ್ಲ, ವಿವರಣೆ ಅಲ್ಲಿಯೇ ಇದೆ. ಎಂಜಿನ್ ಹಿಂದಿರುತ್ತದೆ, ನಿಧಾನಕ್ಕೆ ಓಡುವಾಗ ಬ್ಲೇಡು ಅಲುಗದು, ಆಕ್ಸಿಲರೇಟರ್ ಒತ್ತಿದೊಡನೆ ಕ್ಲಚ್ ಹಿಡಿದು, ಕೊಳವೆಯೊಳಗಿನ ಶಾಫ್ಟ್ ತಿರುಗಿ, ತುದಿಯ ಹಲ್ಲುಚಕ್ರಗಳು ಆ ತಿರುಗುವಿಕೆಯ ದಿಕ್ಕನ್ನೇ ಬದಲಿಸಿ ಬ್ಲೇಡಿಗೆ ಕೊಡುತ್ತವೆ. ಎಫ್-35ಬಿಯಲ್ಲಿಯೂ ಎಂಜಿನ್ನಿನ ಮುಂಭಾಗದಿಂದ ಹೊರಟ ಶಾಫ್ಟು, ಕ್ಲಚ್ಚು ಮತ್ತು ಹಲ್ಲುಚಕ್ರಗಳ ಮೂಲಕ, ಪೈಲಟ್ ಕೂರುವ ಜಾಗದ ಹಿಂದೆ ಮಲಗಿಸಿಟ್ಟ, ಸುಮಾರು 50 ಅಂಗುಲ ವ್ಯಾಸದ ಫ್ಯಾನಿಗೆ 25,000ಕ್ಕೂ ಹೆಚ್ಚು ಅಶ್ವಶಕ್ತಿಯನ್ನು ಮುಟ್ಟಿಸುತ್ತದೆ. ಒಂದರ ಕೆಳಗೊಂದಿರುವ ಎರಡು ಸುತ್ತಿನ ಅಲಗುಗಳು ಎದುರುಬದುರಾಗಿ ತಿರುಗಿ ಸುಮಾರು 9 ಟನ್ ಭಾರವನ್ನು ಹೊರುತ್ತವೆ. ಹಿಂದೆ ಎಂಜಿನ್ನಿನ ಮೂತಿಯೇ ಕೆಳಕ್ಕೆ ಬಾಗಿ ಹೆಚ್ಚುಕಡಿಮೆ ಅಷ್ಟನ್ನೇ ಹೊರುತ್ತದೆ.

ಇಷ್ಟು ಗೋಜಲು ಏಕೆ ಎಂದು ಓದುಗರು ಕೇಳಿಯೇ ಕೇಳುತ್ತಾರೆ. ಸ್ವಲ್ಪ ಗಾಳಿಯನ್ನು ಬಲು ವೇಗದಲ್ಲಿ ಎಸೆಯುವುದಕ್ಕಿಂತ, ಹೆಚ್ಚು ಗಾಳಿಯನ್ನು ಕಡಿಮೆ ವೇಗದಲ್ಲಿ ದೂಡಿದರೆ ಅದೇ ಶಕ್ತಿಯಲ್ಲಿ ಹೆಚ್ಚು ಭಾರ ಎತ್ತಬಹುದು. ಜೊತೆಗೆ, ಫ್ಯಾನಿನಿಂದ ಮುಂದೆ ಬೀಳುವ ತಣ್ಣನೆಯ ಗಾಳಿ, ನೆಲಕ್ಕೆ ಬಡಿದು ಬರುವ ಬಿಸಿ ಗಾಳಿಯನ್ನು ಎಂಜಿನ್ ಮತ್ತೆ ಒಳಗೆಳೆದುಕೊಳ್ಳದಂತೆ ತಡೆಯುತ್ತದೆ. ಇದಕ್ಕೆ ತೆರಬೇಕಾದ ಬೆಲೆಯನ್ನೂ ಮುಚ್ಚಿಡಬೇಡಿ: ನೇರ ಹಾರಾಟದಲ್ಲಿ ಆ ಫ್ಯಾನ್ ಬರೀ ಹೊರೆ. ಹಾಗಿದ್ದೂ, 2001ರ ಜುಲೈನಲ್ಲಿ ಎಫ್-35ಬಿಯ ಪ್ರಾಯೋಗಿಕ ಮಾದರಿಯಾದ ಎಕ್ಸ್-35ಬಿ ಒಂದೇ ಹಾರಾಟದಲ್ಲಿ ಗಿಡ್ಡ ಓಟದಿಂದ ಏರಿ, ಶಬ್ದದ ವೇಗವನ್ನು ಮೀರಿ, ನೆಟ್ಟಗೆ ಇಳಿದು ತೋರಿಸಿತು. ತಾವು ಒಂದು ಸಾಲಿನಲ್ಲಿ ಮುಗಿಸಿದ ಆ ಹಾರಾಟಕ್ಕೆ ಒಂದು ಪುಟವನ್ನೇ ಕೊಡಿ.

ಕಾಫಿ ಕೊಯ್ಲು ಶುರುವಾಗುವ ಮುನ್ನ ಹೊಸ ಪ್ರತಿ ಕಳುಹಿಸಿದರೆ ಓದಲು ನನಗೂ ಬಿಡುವಿರುತ್ತದೆ.

ಇಂತು,
ಸಂಪಾದಕ, ಮಡಿಕೇರಿ