ಖರೀದಿ ಪತ್ರ 18 ಎಂಬಿ ಆಯ್ತಾ? ಮತ್ತೆ ಸ್ಕ್ಯಾನ್ ಮಾಡಿಸಿ

ಪ್ರಶ್ನೆ: ನಾನು ಬೀಳಗಿಯವನು. ಅಜ್ಜನ ಕಾಲದ ಖರೀದಿ ಪತ್ರ, ನಾಲ್ಕು ಪುಟ. ಪಿಡಿಎಫ್ 18 ಎಂಬಿ ಬಂದಿದೆ, ಅರ್ಜಿಗೆ 1 ಎಂಬಿ ಒಳಗೆ ಇರಬೇಕಂತೆ. ಕಂಪ್ರೆಸ್ ಮಾಡಿಸಿದರೆ ಅಕ್ಷರವೇ ಓದಲು ಬರುವುದಿಲ್ಲ. ಏನು ಮಾಡಲಿ?

ಬಾಗಲಕೋಟೆಯ ನವನಗರದಲ್ಲಿ ಕೂತು ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ನನ್ನ ಸಿಟ್ಟು ನಿಮ್ಮ ಮೇಲಲ್ಲ. ಎಲ್ಲ ಕಾಗದಕ್ಕೂ 600 ಡಿಪಿಐ (ಒಂದು ಇಂಚು ಉದ್ದಕ್ಕೆ ಎಷ್ಟು ಚುಕ್ಕಿ ಎಂಬ ಲೆಕ್ಕ) ಕಲರ್ ಇಟ್ಟು, ಆಮೇಲೆ ಹಿಂಡಿ ಕೊಡುವ ಅಂಗಡಿಯವರ ಮೇಲೆ.

600 ಡಿಪಿಐನಲ್ಲಿ ಒಂದು ಎ4 ಪುಟ ಅಂದರೆ ಸುಮಾರು 3 ಕೋಟಿ 48 ಲಕ್ಷ ಚುಕ್ಕಿ. 200ಕ್ಕೆ ಇಳಿಸಿದರೆ 38 ಲಕ್ಷ ಚಿಲ್ಲರೆ. ಡಿಪಿಐ ಮೂರು ಪಟ್ಟು ಇಳಿದರೆ ಚುಕ್ಕಿ ಒಂಬತ್ತು ಪಟ್ಟು ಇಳಿಯುತ್ತದೆ. ನಿಮ್ಮ 18 ಎಂಬಿ ಅಲ್ಲಿಗೇ 2ರ ಹತ್ತಿರ ಬಂತು, ಅಲ್ವಾ?

ಉಳಿದದ್ದು ಕಾಗದದ ಬಣ್ಣ. ಹಳೆ ಪತ್ರದ ಹಳದಿ, ಮಡಿಕೆ, ಕಲೆ ಎಲ್ಲವನ್ನೂ ಕಲರ್ ಸ್ಕ್ಯಾನ್ ಹಿಡಿದಿಡುತ್ತದೆ. ಜಾಸ್ತಿ ಜಾಗ ತಿನ್ನುವುದು ಅದೇ. ಗ್ರೇಸ್ಕೇಲ್ (ಬಣ್ಣವಿಲ್ಲದೆ, ಬೂದು ಛಾಯೆಗಳಲ್ಲಿ) ಇಡಿ, ಬ್ರೈಟ್‌ನೆಸ್ ಮತ್ತು ಕಾಂಟ್ರಾಸ್ಟ್ ಏರಿಸಿ ಹಿನ್ನೆಲೆ ಬೆಳ್ಳಗೆ ಮಾಡಿ. ನ್ಯಾಪ್ಸ್2 ಎಂಬ ಉಚಿತ ತಂತ್ರಾಂಶದಲ್ಲಿ ಇಷ್ಟೂ ಆಗುತ್ತದೆ. ಪೂರ್ತಿ ಕಪ್ಪು-ಬಿಳುಪು ಬೇಡ. ಮಾಸಿದ ನೇರಳೆ ಸೀಲು, ಹೆಬ್ಬೆಟ್ಟಿನ ಗುರುತು ಅದರಲ್ಲಿ ಮಾಯವಾಗುತ್ತವೆ.

200ಕ್ಕಿಂತ ಕೆಳಗೆ ಮಾತ್ರ ಹೋಗಬೇಡಿ. ಕಂಪ್ರೆಸ್ ಮಾಡುವಾಗ ತೀರಾ ಚಿಕ್ಕ ಸೈಜ್ ಆರಿಸಿದರೆ ಎಷ್ಟೋ ಕಡೆ 72 ಡಿಪಿಐಗೆ ಬಂದುಬಿಡುತ್ತದೆ. ಒಂದು ಮಿಲಿಮೀಟರ್ ಎತ್ತರದ ಒತ್ತಕ್ಷರಕ್ಕೆ ಅಲ್ಲಿ ಮೂರು ಚುಕ್ಕಿಯೂ ಸಿಗುವುದಿಲ್ಲ. 200ರಲ್ಲಿ ಎಂಟು ಸಿಗುತ್ತವೆ. ಇಂಗ್ಲಿಷ್ ಅಕ್ಷರ ಹೇಗೋ ಉಳಿದುಕೊಳ್ಳುತ್ತದೆ. ನಮ್ಮ 'ಧ'ದ ಕೆಳಗಿನ ಸೀಳು ಮುಚ್ಚಿಹೋಗಿ 'ದ' ಆಗುತ್ತದೆ.

ಅಂಕಿಗಳನ್ನಂತೂ ಒಂದೊಂದಾಗಿ ನೋಡಿ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಒಂದು ವಿಷಯ ಬಯಲಿಗೆ ತಂದರು. ಝೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ 6 ಇದ್ದಲ್ಲಿ 8 ಕೂರಿಸುತ್ತಿದ್ದವು. ಜಾಗ ಉಳಿಸಲು, ಒಂದೇ ತರಹ ಕಾಣುವ ಆಕಾರಗಳಿಗೆ ಒಂದೇ ಅಚ್ಚು ಬಳಸುವ ಜೆಬಿಗ್2 ವಿಧಾನ ಅದಕ್ಕೆ ಕಾರಣ. ನಿಮ್ಮ ಸರ್ವೆ ನಂಬರಿನಲ್ಲಿ ಹೀಗಾದರೆ? ಮೂಲ ಪತ್ರ ಪಕ್ಕದಲ್ಲಿಟ್ಟುಕೊಂಡು ಓದಿದ ಮೇಲೆಯೇ ಅಪ್‌ಲೋಡ್ ಮಾಡಿ.

ಪ್ರಶ್ನೆ: ಜಿಪ್ ಮಾಡಿದರೆ ಆಗಲ್ವಾ? (ಇಳಕಲ್)

ಆಗಲ್ಲ. ಸ್ಕ್ಯಾನ್‌ನ ಪಿಡಿಎಫ್ ಒಳಗಿರುವ ಚಿತ್ರ ಮೊದಲೇ ಹಿಂಡಿದ್ದು.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಕಳಿಸಿ ಡೌನ್‌ಲೋಡ್ ಮಾಡಿದರೆ ಸೈಜ್ ಕಡಿಮೆಯಾಗುತ್ತಂತೆ? (ಜಮಖಂಡಿ)

ಫೋಟೋ ಕಳಿಸಿದರೆ ಕಡಿಮೆಯಾಗುತ್ತದೆ, ಜೊತೆಗೆ ಕೆಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದಷ್ಟೇ ಇರುತ್ತದೆ.

ಪ್ರಶ್ನೆ: ಆಧಾರ್ ಮತ್ತು ಪಾಸ್‌ಬುಕ್ಕನ್ನು ಫ್ರೀ ವೆಬ್‌ಸೈಟಿಗೆ ಹಾಕಿ ಕಂಪ್ರೆಸ್ ಮಾಡಬಹುದಾ? (ಮುಧೋಳ)

ಬೇಡ. ಆ ಸೈಟು ಯಾರದು, ಫೈಲು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ನಿಮಗೆ ಗೊತ್ತಾ? ಎರಡು ಪುಟಕ್ಕೋಸ್ಕರ ಸುಮ್ನೆ ಯಾಕೆ? ಮೇಲೆ ಹೇಳಿದ ನ್ಯಾಪ್ಸ್2 ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತದೆ, ಇಂಟರ್‌ನೆಟ್ ತೆಗೆದಿಟ್ಟರೂ ಓಡುತ್ತದೆ. ಅಂಗಡಿಯಲ್ಲಿ ಮಾಡಿಸಿದರೆ, ಅವರ ಡೆಸ್ಕ್‌ಟಾಪ್‌ನಿಂದಲೂ ರೀಸೈಕಲ್ ಬಿನ್‌ನಿಂದಲೂ ಫೈಲು ಅಳಿಸಿದ್ದನ್ನು ಕಣ್ಣಾರೆ ನೋಡಿ ಎದ್ದು ಬನ್ನಿ.